ಕಡಿಮೆ ರೇಟು ನನ್ನದು, ಕೆಲಸ ಬೇರೆಯವರಿಗೆ: ಪುರಸಭೆ ಟೆಂಡರಿನಲ್ಲಿ ಇದು ಹೇಗಾಗುತ್ತೆ?

ಪ್ರಶ್ನೆ: ನಾನು ಮಲೆನಾಡಿನ ಒಂದು ಪಟ್ಟಣದ ಸಿವಿಲ್ ಗುತ್ತಿಗೆದಾರ. ನಮ್ಮ ಪುರಸಭೆ 1 ಕೋಟಿ 20 ಲಕ್ಷ ರೂಪಾಯಿಯ ಕಾಂಕ್ರೀಟ್ ರಸ್ತೆ, ಚರಂಡಿ ಕಾಮಗಾರಿಗೆ ಟೆಂಡರ್ ಕರೆದಿತ್ತು. ಒಂಬತ್ತು ತಿಂಗಳ ಅವಧಿ, ಎರಡು ಲಕೋಟೆ ಪದ್ಧತಿ. ನಾನು ಶೇ. 18 ಬಿಲೋ, ಅಂದರೆ ಅಂದಾಜಿಗಿಂತ ಶೇ. 18 ಕಡಿಮೆ, ಹಾಕಿದ್ದೆ. 'ಬಿಡ್ ಕೆಪಾಸಿಟಿ (ಹೊಸ ಕೆಲಸ ಹಿಡಿಯುವ ಸಾಮರ್ಥ್ಯ) ಸಾಲದು' ಅಂತ ಟೆಕ್ನಿಕಲ್‌ನಲ್ಲೇ ತೆಗೆದರು. ಕೆಲಸ ಶೇ. 6 ಬಿಲೋ ಹಾಕಿದವರಿಗೆ ಹೋಯಿತು. ನನ್ನ ಕೈಯಲ್ಲಿ 1 ಕೋಟಿ 25 ಲಕ್ಷದ ಇನ್ನೊಂದು ಕೆಲಸ ನಡೀತಿದೆ, ಅದರಲ್ಲಿ 80 ಲಕ್ಷದ ಬಿಲ್ ಆಗಿದೆ. ಆದರೆ ಫಾರಂನಲ್ಲಿ ಪೂರ್ತಿ ಮೊತ್ತ ಬರೆದಿದ್ದೆ. ಕಡಿಮೆ ರೇಟಿನವರಿಗೇ ಕೊಡಬೇಕು ಅಂತ ಕಾನೂನಿಲ್ವಾ? ಪುರಸಭೆಗೆ 14 ಲಕ್ಷದ ಮೇಲೆ ನಷ್ಟ ಅಲ್ವಾ? ಇದೇ ಊರಲ್ಲಿ ಒಂದೇ ವಾರ್ಡಿನ ಚರಂಡಿಯನ್ನು ನಾಲ್ಕು ತುಂಡು ಮಾಡಿ ಟೆಂಡರ್ ಇಲ್ಲದೆ ಒಬ್ಬರಿಗೇ ಕೊಟ್ಟಿದ್ದಾರೆ, ಅದು ಸರಿಯಾ? ಇನ್ನೊಂದು: ಮುಂದಿನ ಟೆಂಡರಿಗೆ 'ನೀವೊಂದು ಸಪೋರ್ಟ್ ಬಿಡ್ ಹಾಕಿ, ಆಮೇಲಿನದು ನಿಮಗೆ' ಅಂತ ಕೆಲವು ಗುತ್ತಿಗೆದಾರರು ಹೇಳ್ತಿದ್ದಾರೆ, ಅಂದರೆ ಅವರು ಗೆಲ್ಲಲಿ ಅಂತ ನಾನು ಬೇಕೆಂದೇ ಜಾಸ್ತಿ ರೇಟು ಹಾಕಬೇಕು. ಏನು ಮಾಡಲಿ?

ಉತ್ತರ: ನಮಸ್ಕಾರ. ನಿಮ್ಮ ಸಿಟ್ಟು ಅರ್ಥವಾಗುತ್ತೆ. ಆದರೆ ಮೊದಲಿಗೇ ಒಂದು ಕಹಿ ಮಾತು ಹೇಳಿಬಿಡುತ್ತೇನೆ. ಕಾನೂನಿನ ಲೆಕ್ಕದಲ್ಲಿ ನೀವು ಎಲ್1, ಅಂದರೆ ಅತಿ ಕಡಿಮೆ ರೇಟಿನವರು, ಅಲ್ಲ. ಎಲ್2ವೂ ಅಲ್ಲ. ನಿಮ್ಮ ರೇಟು ಎಷ್ಟು ಅಂತ ಪುರಸಭೆಯ ಕಡತದಲ್ಲಿ ಎಲ್ಲೂ ಇಲ್ಲ. ಯಾಕೆಂದರೆ ನಿಮ್ಮ ಎರಡನೇ ಲಕೋಟೆ ತೆರೆದೇ ಇಲ್ಲ.

ಎರಡು ಲಕೋಟೆ ಪದ್ಧತಿಯ ಉದ್ದೇಶವೇ ಅದು. ಮೊದಲ ಲಕೋಟೆಯಲ್ಲಿ ಅರ್ಹತೆಯ ದಾಖಲೆಗಳು ಇರುತ್ತವೆ: ಇಎಂಡಿ (ಬಿಡ್ ಜೊತೆ ಇಡುವ ಠೇವಣಿ), ನೋಂದಣಿ, ವಹಿವಾಟಿನ ಸಿಎ ಸರ್ಟಿಫಿಕೇಟು, ಮಾಡಿದ ಕೆಲಸಗಳ ಪ್ರಮಾಣಪತ್ರ, ಬಿಡ್ ಕೆಪಾಸಿಟಿ ಲೆಕ್ಕ. ಇದರಲ್ಲಿ ಪಾಸಾದವರದು ಮಾತ್ರ ಎರಡನೇ ಲಕೋಟೆ, ಅಂದರೆ ರೇಟಿನ ಲಕೋಟೆ, ತೆರೆಯುತ್ತಾರೆ. ಈಗ ಕಾಗದದ ಲಕೋಟೆ ಇಲ್ಲ, ಎಲ್ಲ ಪೋರ್ಟಲಿನಲ್ಲೇ. ಆದರೂ ಕ್ರಮ ಬದಲಾಗಿಲ್ಲ. ಶೇ. 18 ಬಿಲೋ ಅನ್ನುವುದು ನಿಮಗೆ ಗೊತ್ತು, ನನಗೆ ಈಗ ಗೊತ್ತಾಯಿತು. ಮೌಲ್ಯಮಾಪನ ಮಾಡಿದವರಿಗೆ ಗೊತ್ತಿರಲಿಲ್ಲ, ಗೊತ್ತಿರಲೂಬಾರದು. ಹಾಗಾಗಿ '14 ಲಕ್ಷ ನಷ್ಟ' ಎಂಬ ವಾದವನ್ನು ನಿಮ್ಮ ಮೇಲ್ಮನವಿಯ ಮೊದಲ ಸಾಲಾಗಿ ಬರೆಯಬೇಡಿ. ಬಹಳ ಜನ ಅದನ್ನೇ ಬರೆದು ಸೋಲುತ್ತಾರೆ.

ಹಾಗಾದರೆ ಕಾನೂನು ಏನು ಹೇಳುತ್ತೆ? ಕರ್ನಾಟಕದಲ್ಲಿ ಇದಕ್ಕೆ ಮೂಲ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ. ಎಲ್ಲರೂ ಕೆಟಿಪಿಪಿ ಅನ್ನುತ್ತಾರೆ. ತಮಿಳುನಾಡು 1998ರಲ್ಲಿ ಇಂಥದ್ದೊಂದು ಕಾಯ್ದೆ ಮಾಡಿತು, ಅದರ ಹಿಂದೆಯೇ ನಮ್ಮದು ಬಂತು. ಜಾರಿಯಾಗಿದ್ದು 2000ದಲ್ಲಿ, ನಿಯಮಗಳೂ ಅದೇ ವರ್ಷದವು. ಸರ್ಕಾರಿ ಇಲಾಖೆಗಳಿಗೆ ಮಾತ್ರವಲ್ಲ, ಗ್ರಾಮ ಪಂಚಾಯಿತಿಯಿಂದ ಮಹಾನಗರ ಪಾಲಿಕೆವರೆಗೆ ಸ್ಥಳೀಯ ಸಂಸ್ಥೆಗಳಿಗೂ ಇದು ಅನ್ವಯ. ಟೆಂಡರ್ ಇಲ್ಲದೆ ಕೊಳ್ಳುವಂತಿಲ್ಲ, ಕೆಲಸ ಕೊಡುವಂತಿಲ್ಲ ಎನ್ನುವುದು 5ನೇ ಕಲಂ. 4ನೇ ಕಲಂ ವಿನಾಯಿತಿಗಳದ್ದು. ಯಾರಿಗೆ ಕೊಡಬೇಕು ಎನ್ನುವುದು 13ನೇ ಕಲಂ. ಆ 13ನೇ ಕಲಂ ಬರೀ 'ಕಡಿಮೆ ರೇಟು' ಅನ್ನುವುದಿಲ್ಲ. ಟೆಂಡರ್ ದಾಖಲೆಯಲ್ಲಿ ಮೊದಲೇ ಹೇಳಿದ, ಅಳೆದು ನೋಡಬಹುದಾದ ಅಂಶಗಳ ಮೇಲೆ ತೂಗಿ, ಅದರಲ್ಲಿ ಕಡಿಮೆಯಾದದ್ದನ್ನು ಒಪ್ಪಬೇಕು ಅನ್ನುತ್ತೆ. ಷರತ್ತು ಪೂರೈಸಿದವರ ಸಾಲಿನಲ್ಲಿ ಕಡಿಮೆ ಯಾರದ್ದು, ಅವರಿಗೆ. ಸಾಲಿನಲ್ಲೇ ಇಲ್ಲದವರ ರೇಟು ಲೆಕ್ಕಕ್ಕಿಲ್ಲ.

ಈಗ ನಿಮ್ಮ ನಿಜವಾದ ಸಮಸ್ಯೆಗೆ ಬರೋಣ. ಅದು ಒಂದು ಹಾಳೆಯದ್ದು.

ಕಾಮಗಾರಿಯ ಮೊತ್ತಕ್ಕೆ ತಕ್ಕ ಹಾಗೆ ಮಾದರಿ ಟೆಂಡರ್ ದಾಖಲೆಗಳಿವೆ, ಕೆಡಬ್ಲ್ಯೂ-1, ಕೆಡಬ್ಲ್ಯೂ-2 ಹೀಗೆ. ಒಂದು ಕೋಟಿ ದಾಟಿದ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವುದು ಕೆಡಬ್ಲ್ಯೂ-4. ಅದರಲ್ಲಿ ಬಿಡ್ ಕೆಪಾಸಿಟಿಗೆ ಒಂದು ಸೂತ್ರವಿದೆ: ಎ ಗುಣಿಸು ಎನ್ ಗುಣಿಸು ಒಂದೂವರೆ, ಅದರಲ್ಲಿ ಬಿ ಕಳೆಯಿರಿ. ಎ ಅಂದರೆ ಕಳೆದ ಐದು ವರ್ಷದಲ್ಲಿ ಯಾವುದಾದರೂ ಒಂದು ವರ್ಷ ನೀವು ಮಾಡಿದ ಅತಿ ಹೆಚ್ಚಿನ ಸಿವಿಲ್ ಕೆಲಸದ ಮೊತ್ತ, ಇವತ್ತಿನ ಬೆಲೆಗೆ ಏರಿಸಿ. ಎನ್ ಅಂದರೆ ಈ ಹೊಸ ಕೆಲಸದ ಅವಧಿ, ವರ್ಷದ ಲೆಕ್ಕದಲ್ಲಿ. ಬಿ ಅಂದರೆ ಆ ಅವಧಿಯೊಳಗೆ ನೀವು ಇನ್ನೂ ಮಾಡಿ ಮುಗಿಸಬೇಕಾದ ಚಾಲ್ತಿ ಕೆಲಸಗಳ ಮೊತ್ತ.

ನಿಮ್ಮ ಎ ಎರಡು ಕೋಟಿ ಅಂತ ಇಟ್ಟುಕೊಳ್ಳೋಣ. ಒಂಬತ್ತು ತಿಂಗಳು ಅಂದರೆ ಎನ್ 0.75. ಎರಡು ಕೋಟಿಯನ್ನು 0.75ರಿಂದ, ಮತ್ತೆ ಒಂದೂವರೆಯಿಂದ ಗುಣಿಸಿದರೆ 2 ಕೋಟಿ 25 ಲಕ್ಷ. ನೀವು ಬಿ ಜಾಗದಲ್ಲಿ ಪೂರ್ತಿ 1 ಕೋಟಿ 25 ಲಕ್ಷ ಬರೆದಿದ್ದೀರಿ. ಉಳಿದದ್ದು ಒಂದು ಕೋಟಿ. ಕೆಲಸದ ಅಂದಾಜು 1 ಕೋಟಿ 20 ಲಕ್ಷ. ಫೇಲ್. ಅದೇ ಜಾಗದಲ್ಲಿ, 80 ಲಕ್ಷದ ಬಿಲ್ ಆಗಿದೆ, ಬಾಕಿ ಇರುವುದು 45 ಲಕ್ಷ ಅಂತ ಬರೆದಿದ್ದರೆ? 2 ಕೋಟಿ 25 ಲಕ್ಷದಲ್ಲಿ 45 ಲಕ್ಷ ಕಳೆದರೆ 1 ಕೋಟಿ 80 ಲಕ್ಷ. ಆರಾಮಾಗಿ ಪಾಸು.

ಇಲ್ಲಿ ಒಂದು ಪ್ರಶ್ನೆ ಕೇಳುತ್ತೇನೆ, ಅದರ ಉತ್ತರದ ಮೇಲೆ ನಿಮ್ಮ ಕೇಸು ನಿಂತಿದೆ. ಚಾಲ್ತಿ ಕೆಲಸದ ಪಟ್ಟಿಗೆ ಕಾರ್ಯಪಾಲಕ ಇಂಜಿನಿಯರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಮೇಲುರುಜು ಇರಬೇಕು ಅಂತ ಕೆಡಬ್ಲ್ಯೂ-4 ಹೇಳುತ್ತೆ. ಆ ಇಇ ಸಹಿ ಇರುವ ಹಾಳೆಯನ್ನು ನೀವು ಅಪ್‌ಲೋಡ್ ಮಾಡಿದ್ದಿರಾ? ಅದರಲ್ಲಿ 'ಬಾಕಿ ಕೆಲಸ 45 ಲಕ್ಷ' ಅಂತ ಇತ್ತಾ?

ಇತ್ತು ಅಂತಾದರೆ ನಿಮ್ಮ ಕೈ ಮೇಲಿದೆ. ಸರಿಯಾದ ಅಂಕಿ ನಿಮ್ಮ ಬಿಡ್‌ನೊಳಗೇ ಇತ್ತು, ನೀವು ಲೆಕ್ಕದ ಹಾಳೆಯಲ್ಲಿ ತಪ್ಪಾಗಿ ಎತ್ತಿ ಬರೆದಿದ್ದೀರಿ ಅಷ್ಟೆ. ಇಂಥ ಕಡೆ ಟೆಂಡರ್ ಪರಿಶೀಲಿಸುವವರು ಸ್ಪಷ್ಟೀಕರಣ ಕೇಳಬಹುದು. ರೇಟನ್ನಾಗಲಿ, ಬಿಡ್‌ನ ತಿರುಳನ್ನಾಗಲಿ ಬದಲಿಸದೆ, ಈಗಾಗಲೇ ಕೊಟ್ಟ ದಾಖಲೆಯನ್ನು ಓದಿ ಲೆಕ್ಕ ಸರಿಮಾಡುವುದು ಸ್ಪಷ್ಟೀಕರಣವೇ. ಎದುರಿಗಿದ್ದ ಸರ್ಟಿಫಿಕೇಟನ್ನೇ ನೋಡದೆ ಹೊರಗೆ ಹಾಕಿದರು ಅನ್ನುವುದು ಮೇಲ್ಮನವಿಗೆ ಒಳ್ಳೆಯ ಆಧಾರ.

ಇರಲಿಲ್ಲ, ಬರೀ ನಿಮ್ಮ ಸಹಿಯ ಪಟ್ಟಿ ಇತ್ತು ಅಂತಾದರೆ ಕಷ್ಟ. ಗಡುವು ಮುಗಿದ ಮೇಲೆ ಹೊಸ ಹಾಳೆ ತಂದು ಸೇರಿಸುವಂತಿಲ್ಲ. ನಿಮಗೊಬ್ಬರಿಗೆ ಅದಕ್ಕೆ ಬಿಟ್ಟರೆ ಉಳಿದವರು ಸುಮ್ನೆ ಕೂರುತ್ತಾರಾ? ಆಗ ನಿಮ್ಮನ್ನು ತೆಗೆದದ್ದು ತಪ್ಪು ಅಂತ ನನಗೂ ಅನ್ನಿಸುವುದಿಲ್ಲ.

ಸಣ್ಣ ತಪ್ಪು, ದೊಡ್ಡ ತಪ್ಪು ಎನ್ನುವ ಈ ವ್ಯತ್ಯಾಸ ಕೋರ್ಟಿಗೂ ಹೋಗಿದೆ. 1991ರ ಪೊದ್ದಾರ್ ಸ್ಟೀಲ್ ಪ್ರಕರಣ ನೋಡಿ. ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್‌ನ ಟೆಂಡರ್ ಅದು. ಠೇವಣಿಯನ್ನು ನಗದಾಗಿ ಇಲ್ಲವೇ ಸ್ಟೇಟ್ ಬ್ಯಾಂಕಿನ ಡಿಡಿಯಾಗಿ ಕೊಡಿ ಎಂದಿತ್ತು. ಒಬ್ಬರು ಯೂನಿಯನ್ ಬ್ಯಾಂಕಿನ ಬ್ಯಾಂಕರ್ಸ್ ಚೆಕ್ ಕೊಟ್ಟರು. ದುಡ್ಡು ಭದ್ರವಾಗಿದೆ, ಇಂಥ ಸಣ್ಣ ವ್ಯತ್ಯಾಸವನ್ನು ಪ್ರಾಧಿಕಾರ ಬಿಟ್ಟುಕೊಡಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಮುಖ್ಯ ಷರತ್ತು ಬೇರೆ, ಅದಕ್ಕೆ ಪೂರಕವಾದ ಷರತ್ತು ಬೇರೆ ಅಂತ. ಆದರೆ ಬಿಡ್ ಕೆಪಾಸಿಟಿ ಪೂರಕ ಷರತ್ತಲ್ಲ, ಅರ್ಹತೆಯೇ ಅದು. ಈ ತೀರ್ಪನ್ನು ಹಿಡಿದುಕೊಂಡು 'ನನ್ನದೂ ಬಿಡಿ' ಅನ್ನಲು ಆಗುವುದಿಲ್ಲ. ಇಇ ಹಾಳೆ ಒಳಗಿದ್ದರೆ ಮಾತ್ರ ಇದು ನಿಮ್ಮ ಸಹಾಯಕ್ಕೆ ಬರುತ್ತೆ.

ನೀವು ಕೇಳದೆ ಬಿಟ್ಟ ಒಂದು ಮುಖ್ಯ ವಿಷಯ: ಗೆದ್ದವರ ಬಿಡ್ ಕೆಪಾಸಿಟಿ ಎಷ್ಟು? ನಿಮಗೆ ಹಾಕಿದ ಗೆರೆಯನ್ನೇ ಅವರಿಗೂ ಹಾಕಿದ್ದಾರಾ? ಪಟ್ಟಣಗಳಲ್ಲಿ ನಾಲ್ಕಾರು ಕೆಲಸ ಕೈಯಲ್ಲಿಟ್ಟುಕೊಂಡವರು ಫಾರಂನಲ್ಲಿ ಒಂದೋ ಎರಡೋ ತೋರಿಸುವುದು ಹೊಸದೇನಲ್ಲ. ಅವರು ಮುಚ್ಚಿಟ್ಟ ಚಾಲ್ತಿ ಕೆಲಸ ಅದೇ ಪುರಸಭೆಯದ್ದೇ ಆಗಿದ್ದರೆ, ಕಡತ ಅದೇ ಕಟ್ಟಡದಲ್ಲಿದೆ, ಗೊತ್ತಿರಲಿಲ್ಲ ಅನ್ನಲು ಆಗುವುದಿಲ್ಲ. ತಾನೇ ಬರೆದ ಅಳತೆಗೋಲನ್ನು ಪ್ರಾಧಿಕಾರ ಒಬ್ಬರಿಗೆ ಒಂದು ಥರ, ಇನ್ನೊಬ್ಬರಿಗೆ ಇನ್ನೊಂದು ಥರ ಹಿಡಿಯುವಂತಿಲ್ಲ. 1979ರಲ್ಲೇ ರಮಣ ದಯಾರಾಂ ಶೆಟ್ಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಬೊಂಬಾಯಿ ವಿಮಾನ ನಿಲ್ದಾಣದಲ್ಲಿ ಒಂದು ರೆಸ್ಟೋರೆಂಟು, ಎರಡು ಸ್ನ್ಯಾಕ್ ಬಾರ್ ನಡೆಸುವ ಟೆಂಡರ್. ಎರಡನೇ ದರ್ಜೆಯ ಹೋಟೆಲ್ ನಡೆಸಿದ ಐದು ವರ್ಷದ ಅನುಭವ ಬೇಕು ಎಂದಿತ್ತು. ಕೊನೆಗೆ ಕೊಟ್ಟದ್ದು ಕ್ಯಾಂಟೀನ್ ನಡೆಸಿದ ಅನುಭವ ಇದ್ದವರಿಗೆ. ಹೀಗೆ ಕೊಟ್ಟದ್ದು ತಪ್ಪು ಅಂತ ಕೋರ್ಟ್ ಹೇಳಿತು. ಆದರೂ ಗುತ್ತಿಗೆ ರದ್ದು ಮಾಡಲಿಲ್ಲ! ಅರ್ಜಿದಾರರು ತಿಂಗಳುಗಟ್ಟಲೆ ತಡವಾಗಿ ಬಂದಿದ್ದರು, ಅಷ್ಟರಲ್ಲಿ ಗುತ್ತಿಗೆ ಪಡೆದವರು ದುಡ್ಡು ಹಾಕಿ ವ್ಯಾಪಾರ ಶುರು ಮಾಡಿದ್ದರು. ತಡವೊಂದೇ ಅಲ್ಲ, ಬೇರೆ ಕಾರಣಗಳೂ ಇದ್ದವು. ಆದರೆ ನಿಮಗೆ ಬೇಕಾದ್ದು ಈ ತಡದ ವಿಷಯ.

ಯಾಕೆಂದರೆ ನಿಮಗಿರುವುದು 30 ದಿನ. ಟೆಂಡರ್ ಒಪ್ಪಿಕೊಂಡ ಆದೇಶದ ವಿರುದ್ಧ ಕೆಟಿಪಿಪಿಯ 16ನೇ ಕಲಂ ಕೆಳಗೆ ಮೇಲ್ಮನವಿ ಹಾಕಲು, ಆದೇಶ ಕೈಗೆ ಸೇರಿದ ದಿನದಿಂದ 30 ದಿನ. ಅದನ್ನು ಯಾರ ಮುಂದೆ ಹಾಕಬೇಕು ಎನ್ನುವುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಪುರಸಭೆಯಲ್ಲೇ ಬರವಣಿಗೆಯಲ್ಲಿ ಕೇಳಿ, ಹಿಂಬರಹ ತೆಗೆದುಕೊಳ್ಳಿ. ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಿ ತಪ್ಪು ಕಚೇರಿಗೆ ಹಾಕಿ ದಿನ ಕಳೆದುಕೊಂಡವರಿದ್ದಾರೆ.

ಇಲ್ಲೇ ಒಂದು ಸಿಕ್ಕು ಇದೆ. ಎಲ್ಲರೂ 'ಮೊದಲು ಆರ್‌ಟಿಐ ಹಾಕು' ಅನ್ನುತ್ತಾರೆ. ಮಾಹಿತಿ ಹಕ್ಕಿನಲ್ಲಿ ಉತ್ತರ ಕೊಡಲು ಅವರಿಗೂ 30 ದಿನ. ನೀವು ಆದೇಶ ಬಂದ ವಾರಕ್ಕೆ ಅರ್ಜಿ ಹಾಕಿದರೆ, ಅವರು ಕೊನೇ ದಿನ ಉತ್ತರ ಕೊಟ್ಟರೆ, ಮೇಲ್ಮನವಿಯ ಗಡುವು ಮುಗಿದಿರುತ್ತೆ. ಸಕಾರಣ ತೋರಿಸಿ ತಡ ಮನ್ನಿಸಿ ಅಂತ ಕೇಳಬಹುದು, ಆದರೆ ಅದನ್ನು ನೆಚ್ಚಿಕೊಳ್ಳಬೇಡಿ. ಹಾಗಾಗಿ ಎರಡನ್ನೂ ಒಟ್ಟಿಗೇ ಮಾಡಿ. ಗೊತ್ತಿರುವಷ್ಟರ ಮೇಲೆ ಮೇಲ್ಮನವಿ ಹಾಕಿ, ಅದರಲ್ಲೇ 'ತಾಂತ್ರಿಕ ಮೌಲ್ಯಮಾಪನ ವರದಿ, ತುಲನಾ ಪಟ್ಟಿ, ಯಶಸ್ವಿ ಬಿಡ್‌ದಾರರ ಚಾಲ್ತಿ ಕಾಮಗಾರಿಗಳ ಪಟ್ಟಿ ತರಿಸಿ ನೋಡಬೇಕು' ಅಂತ ಪ್ರಾರ್ಥಿಸಿ. ಜೊತೆಗೆ ಹತ್ತು ರೂಪಾಯಿ ಶುಲ್ಕದ ಆರ್‌ಟಿಐ ಅರ್ಜಿಯನ್ನೂ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಕಥೆ ಬರೆಯಬೇಡಿ, ದಾಖಲೆಗಳ ಹೆಸರು ಮಾತ್ರ ಬರೆಯಿರಿ. ಪ್ರತಿಗಿಂತ ಮೊದಲು ಕಡತ ಪರಿಶೀಲನೆಗೆ ಅವಕಾಶ ಕೇಳಿ. ಎಷ್ಟೋ ಸಲ ಟಿಪ್ಪಣಿ ಹಾಳೆಯಲ್ಲಿ ಇರುವುದು ಪ್ರತಿಯಲ್ಲಿ ಬರುವುದಿಲ್ಲ.

ಮೌಲ್ಯಮಾಪನ ನಡೆಯುವಾಗ ಯಾವ ಮಾಹಿತಿಯನ್ನೂ ಹೊರಗೆ ಬಿಡುವುದಿಲ್ಲ, ಅದು ಸರಿಯೇ. ಆದೇಶವಾದ ಮೇಲೆ ಗುಟ್ಟು ಮಾಡಲು ಕಾರಣವಿಲ್ಲ. 'ಮೂರನೇ ವ್ಯಕ್ತಿಯ ಮಾಹಿತಿ' ಅಂತ ಒಂದು ಹಿಂಬರಹ ಬರಬಹುದು. ಗೆದ್ದವರ ಬ್ಯಾಂಕ್ ಖಾತೆ, ಪಾನ್ ನಂಬರ್ ನಿಮಗೆ ಬೇಕಿಲ್ಲ. ಅವರನ್ನು ಅರ್ಹರು ಅಂತ ತೀರ್ಮಾನಿಸಿದ ಲೆಕ್ಕ ಬೇಕು. ಹಾಗೆಯೇ ಕೇಳಿ.

ಹೈಕೋರ್ಟ್ ಬಗ್ಗೆ ಎರಡೇ ಮಾತು. ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ಟೆಂಡರ್ ರಿಟ್‌ಗಳು ಬರುತ್ತಲೇ ಇರುತ್ತವೆ. ಆದರೆ 1994ರ ಟಾಟಾ ಸೆಲ್ಯುಲರ್ ತೀರ್ಪಿನಿಂದ ಈಚೆಗೆ ಕೋರ್ಟು ನೋಡುವುದು ತೀರ್ಮಾನಕ್ಕೆ ಬಂದ ದಾರಿಯನ್ನು, ತೀರ್ಮಾನವನ್ನಲ್ಲ. 2007ರ ಜಗದೀಶ್ ಮಂಡಲ್ ಪ್ರಕರಣದಲ್ಲಿ ಎರಡು ಪ್ರಶ್ನೆ ಕೇಳಿಕೊಂಡರು: ದುರುದ್ದೇಶ ಇತ್ತಾ, ಇಲ್ಲವೇ ಯಾರೂ ಒಪ್ಪದಷ್ಟು ಮನಸೋಇಚ್ಛೆ ಮಾಡಿದರಾ? ಇದರಿಂದ ಸಾರ್ವಜನಿಕ ಹಿತಕ್ಕೆ ಪೆಟ್ಟು ಬಿತ್ತಾ? 2022ರಲ್ಲಿ ಎನ್.ಜಿ. ಪ್ರಾಜೆಕ್ಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಬಿಗಿ ಮಾಡಿತು. ರಸ್ತೆಯಂಥ ಕೆಲಸಗಳಿಗೆ ಸುಲಭವಾಗಿ ತಡೆಯಾಜ್ಞೆ ಕೊಡಬೇಡಿ, ಅನ್ಯಾಯವಾಗಿದ್ದರೆ ಪರಿಹಾರ ಕೊಡಿಸುವ ದಾರಿ ನೋಡಿ ಅಂತ. ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಮೊತ್ತದ ಕೆಲಸಕ್ಕೆ ಮೇಲ್ಮನವಿ ಬಿಟ್ಟು ನೇರ ಹೈಕೋರ್ಟಿಗೆ ಓಡುವುದು ದುಡ್ಡು ದಂಡ. 'ಮೇಲ್ಮನವಿ ಹಾಕಿದ್ರಾ?' ಅನ್ನುವುದೇ ಅಲ್ಲಿ ಮೊದಲ ಪ್ರಶ್ನೆ.

ಇನ್ನು ಶೇ. 18 ಬಿಲೋ ಬಗ್ಗೆ. ಒಂದು ವೇಳೆ ನಿಮ್ಮ ಲಕೋಟೆ ತೆರೆದಿದ್ದರೂ ಕೆಲಸ ಸಲೀಸಾಗಿ ಕೈಗೆ ಬರುತ್ತಿರಲಿಲ್ಲ. ಅಂದಾಜಿಗಿಂತ ತೀರಾ ಕೆಳಗೆ ಹಾಕಿದವರಿಂದ ದರ ವಿಶ್ಲೇಷಣೆ ಕೇಳಬಹುದು, ಹೆಚ್ಚುವರಿ ಭದ್ರತಾ ಠೇವಣಿ ಕೇಳಬಹುದು. ಸಿಮೆಂಟು, ಜಲ್ಲಿ, ಎಂ-ಸ್ಯಾಂಡ್, ಕೂಲಿ, ಸಾಗಣೆ ಎಲ್ಲ ಸೇರಿ ಆ ರೇಟಿಗೆ ಹೇಗೆ ಮಾಡ್ತೀರಿ ಅಂತ ತೋರಿಸಬೇಕು. ಇದು ಒಳ್ಳೆಯ ನಿಯಮ ಅಂತಲೇ ನನ್ನ ಭಾವನೆ. ಶೇ. 25, 30 ಬಿಲೋ ಹಾಕಿ ಕೆಲಸ ಹಿಡಿದು, ಅರ್ಧಕ್ಕೆ ಬಿಟ್ಟು ಹೋದ ಚರಂಡಿಗಳು ನಮ್ಮ ಊರುಗಳಲ್ಲಿ ಕಡಿಮೆ ಇಲ್ಲ.

ಈಗ ನಾಲ್ಕು ತುಂಡು ಚರಂಡಿ. ಇಲ್ಲಿ ನೀವು ಎತ್ತಿದ್ದು ಬಹಳ ಗಟ್ಟಿ ವಿಷಯ, ನಿಮ್ಮ ಸ್ವಂತ ಟೆಂಡರಿಗಿಂತ ಗಟ್ಟಿ. ಸಣ್ಣ ಮೊತ್ತದ ಕಾಮಗಾರಿಗೆ 4ನೇ ಕಲಂನಲ್ಲಿ ವಿನಾಯಿತಿ ಇದೆ, ಅದು ಐದು ಲಕ್ಷದವರೆಗೆ. ಒಡೆದ ಕಾಲುಸಂಕ, ಕಟ್ಟಿಕೊಂಡ ಮೋರಿ ಸರಿಮಾಡಲು ಒಂದು ತಿಂಗಳ ಟೆಂಡರ್ ಪ್ರಕ್ರಿಯೆ ಮಾಡುತ್ತಾ ಕೂರಲು ಆಗುವುದಿಲ್ಲವಲ್ಲ, ಅದಕ್ಕೆ ಆ ದಾರಿ. ಆದರೆ ಒಂದೇ ಬೀದಿಯ, ಒಂದೇ ಅನುದಾನದ, ಒಂದೇ ಹೊತ್ತಿನ ಚರಂಡಿಯನ್ನು 'ರಾಮಣ್ಣನ ಮನೆಯಿಂದ ಅಂಗನವಾಡಿವರೆಗೆ', 'ಅಂಗನವಾಡಿಯಿಂದ ನೀರಿನ ಟ್ಯಾಂಕಿನವರೆಗೆ' ಅಂತ ಹೆಸರು ಕೊಟ್ಟು ತಲಾ 4 ಲಕ್ಷದ 90 ಸಾವಿರಕ್ಕೆ ಅಂದಾಜು ಮಾಡಿದರೆ, ಅದು ಟೆಂಡರ್ ತಪ್ಪಿಸಲು ಮಾಡಿದ ತುಂಡು ಗುತ್ತಿಗೆ. ಲೆಕ್ಕಪರಿಶೋಧನೆಯವರು ಮೊದಲು ಕಣ್ಣಿಡುವುದೇ ಇಲ್ಲಿ. ಸಿಎಜಿ ವರದಿಗಳಲ್ಲೂ ಈ ಆಕ್ಷೇಪಣೆ ಮತ್ತೆ ಮತ್ತೆ ಬಂದಿದೆ.

ಇದನ್ನು ಹಿಡಿಯುವುದು ಹೇಗೆ? ನಾಲ್ಕು ಅಂದಾಜು ಪಟ್ಟಿಗಳನ್ನೂ ಪಕ್ಕಪಕ್ಕ ಇಡಿ. ತಾಂತ್ರಿಕ ಮಂಜೂರಾತಿಯ ದಿನಾಂಕ ಒಂದೇನಾ? ಕ್ರಿಯಾಯೋಜನೆಯಲ್ಲಿ ಇದು ಒಂದೇ ಸಾಲಾಗಿ ಇತ್ತಾ, ನಾಲ್ಕಾಗಿ ಇತ್ತಾ? ಒಂದೇ ಸಾಲಾಗಿದ್ದು ಆಮೇಲೆ ಒಡೆದಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಎಂಬಿ, ಅಂದರೆ ಮಾಡಿದ ಕೆಲಸ ಅಳೆದು ಬರೆಯುವ ಪುಸ್ತಕದಲ್ಲಿ, ನಾಲ್ಕನ್ನೂ ಅಳೆದ ದಿನ ಯಾವುದು ನೋಡಿ. ಬಿಲ್ ಪಾವತಿಯ ಖಾತೆ ಒಂದೇನಾ ನೋಡಿ. ದಾಖಲೆ ಸಿಕ್ಕ ಮೇಲೆ ಸ್ಥಳೀಯ ಲೆಕ್ಕಪರಿಶೋಧನೆಯವರಿಗೆ, ಜಿಲ್ಲಾ ಮಟ್ಟದ ಅಧಿಕಾರಿಗಳಿಗೆ ಬರೆಯಬಹುದು. ಲೋಕಾಯುಕ್ತಕ್ಕೆ ದೂರು ಕೊಡುವುದಾದರೆ ನಿಗದಿತ ಫಾರಂ, ಪ್ರಮಾಣಪತ್ರ ಬೇಕು. ಗ್ರಾಮ ಪಂಚಾಯಿತಿಯಲ್ಲಿ ಇಂಥದ್ದು ನಡೆದರೆ ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲಿ ಊರವರ ಮುಂದೆಯೇ ಕಡತ ತೆಗೆಸಿ ಕೇಳಬಹುದು. ಪುರಸಭೆಗೆ ಆ ಜಮಾಬಂದಿ ಇಲ್ಲ, ಸಾಮಾನ್ಯ ಸಭೆಯಲ್ಲಿ ಸದಸ್ಯರು ಕೇಳಬೇಕು.

ಇದರ ಉಲ್ಟಾ ಕಾಯಿಲೆಯೂ ಉಂಟು. ಹತ್ತು ವಾರ್ಡಿನ ಹತ್ತು ಸಣ್ಣ ಕೆಲಸ ಒಟ್ಟು ಕಟ್ಟಿ 'ಪ್ಯಾಕೇಜ್' ಮಾಡಿ, ನಿಮ್ಮಂಥವರು ಅರ್ಹರೇ ಆಗದಂತೆ ಮಾಡುವುದು. ಕಾನೂನು ಇದನ್ನು ನೇರವಾಗಿ ತಡೆಯುವುದಿಲ್ಲ, ಒಟ್ಟು ಮಾಡಿದರೆ ರೇಟು ಕಡಿಮೆಯಾಗುತ್ತೆ ಅನ್ನುವ ಕಾರಣ ಕೊಡುತ್ತಾರೆ. ಕೆಲವೊಮ್ಮೆ ಅದು ನಿಜವೂ ಹೌದು. ಬಹಳ ಸಲ ಅಲ್ಲ.

ಟೆಂಡರೇ ಇಲ್ಲದೆ ದೊಡ್ಡ ಕೆಲಸ ಹೋಗುವ ಇನ್ನೊಂದು ಬಾಗಿಲು 4(ಜಿ). ನಿರ್ದಿಷ್ಟ ಕೆಲಸಕ್ಕೆ ಸರ್ಕಾರವೇ ಅಧಿಸೂಚನೆ ಹೊರಡಿಸಿ ವಿನಾಯಿತಿ ಕೊಡುವುದು. ಪ್ರಕೃತಿ ವಿಕೋಪ, ತುರ್ತು ಪರಿಸ್ಥಿತಿಗಳಿಗೆ 4(ಎ) ಇದೆ, ಒಬ್ಬರ ಬಳಿ ಮಾತ್ರ ಸಿಗುವ ವಸ್ತುವಿಗೆ 4(ಬಿ). ನೆನಪಿಡಿ, 4(ಜಿ) ವಿನಾಯಿತಿ ಮುಖ್ಯಾಧಿಕಾರಿಯ ಕೈಯಲ್ಲಿಲ್ಲ, ಅಧ್ಯಕ್ಷರ ಕೈಯಲ್ಲೂ ಇಲ್ಲ. ಯಾರಾದರೂ '4(ಜಿ)ನಲ್ಲಿ ಮಾಡಿದ್ದೀವಿ' ಅಂದರೆ ಅಧಿಸೂಚನೆಯ ನಂಬರು, ದಿನಾಂಕ ಕೇಳಿ. ಇದ್ದರೆ ಇರುತ್ತೆ, ಇಲ್ಲದಿದ್ದರೆ ಮಾತು ಬದಲಾಗುತ್ತೆ.

ಸ್ಥಳೀಯ ಸಂಸ್ಥೆಗಳು ಹಳೇ ಗುತ್ತಿಗೆದಾರರಿಗೇ ಅವಧಿ ವಿಸ್ತರಿಸುವುದೂ ಹೀಗೆಯೇ. ಮೀರತ್ ನಗರಪಾಲಿಕೆಯ ಕಸಾಯಿಖಾನೆ ಗುತ್ತಿಗೆಯ ವಿಷಯ 2006ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಇದ್ದವರಿಗೇ ಮುಂದುವರಿಸಬೇಕು ಅನ್ನುವ ವಾದವನ್ನು ಕೋರ್ಟ್ ಒಪ್ಪಲಿಲ್ಲ. ಸಾರ್ವಜನಿಕ ಸಂಸ್ಥೆಗಳ ಗುತ್ತಿಗೆ ಸಾಮಾನ್ಯವಾಗಿ ಬಹಿರಂಗ ಹರಾಜು ಇಲ್ಲವೇ ಟೆಂಡರಿನಿಂದಲೇ ಹೋಗಬೇಕು, ಹೆಚ್ಚು ಜನ ಓದುವ ಪತ್ರಿಕೆಯಲ್ಲಿ ಜಾಹೀರಾತು ಬರಬೇಕು ಎಂದಿತು. ಸಂತೆ ಸುಂಕ, ಪುರಸಭೆ ಮಳಿಗೆ, ಬಸ್ ನಿಲ್ದಾಣದ ಶೌಚಾಲಯ ಇಂಥವುಗಳ ಗುತ್ತಿಗೆ ವಿಷಯದಲ್ಲಿ ಈ ತೀರ್ಪು ಬಹಳ ಕೆಲಸಕ್ಕೆ ಬರುತ್ತೆ.

ಮೀಸಲಾತಿ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಕಾಮಗಾರಿಗಳಲ್ಲಿ ಶೇ. 17.15 ಪರಿಶಿಷ್ಟ ಜಾತಿ, ಶೇ. 6.95 ಪರಿಶಿಷ್ಟ ಪಂಗಡದ ಗುತ್ತಿಗೆದಾರರಿಗೆ ಮೀಸಲು. ಮೊದಲು 50 ಲಕ್ಷದವರೆಗಿನ ಕೆಲಸಕ್ಕೆ ಇತ್ತು, 2023ರಲ್ಲಿ ಒಂದು ಕೋಟಿಗೆ ಏರಿಸಿದರು. ಆಮೇಲೆ ಪ್ರವರ್ಗ-1ಕ್ಕೆ ಶೇ. 4, 2ಎಗೆ ಶೇ. 15 ಸೇರಿತು. 2025ರ ಮಾರ್ಚ್‌ನಲ್ಲಿ 2ಬಿ ಸೇರಿಸಿ ಮಿತಿಯನ್ನು ಎರಡು ಕೋಟಿಗೆ ಏರಿಸುವ ಮಸೂದೆ ಪಾಸಾಯಿತು, ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳಿಗೆ ಕಳಿಸಿದರು. ನಿಮ್ಮ ಕೆಲಸ ಒಂದು ಕೋಟಿ ದಾಟಿತ್ತು, ಹಾಗಾಗಿ ಈಗಿರುವ ಮೀಸಲಾತಿ ಅಲ್ಲಿ ಬರುವುದಿಲ್ಲ. 'ಮೀಸಲಾತಿಯಿಂದ ಹೋಯ್ತು' ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕೊನೆಗೆ ಸಪೋರ್ಟ್ ಬಿಡ್. ಇದಕ್ಕೆ ಉತ್ತರ ಚಿಕ್ಕದು: ಹಾಕಬೇಡಿ. ಇದು ಊರೊಳಗಿನ 'ಹೊಂದಾಣಿಕೆ' ಅಲ್ಲ, 2002ರ ಸ್ಪರ್ಧಾ ಕಾಯ್ದೆಯ 3(3)(ಡಿ) ಕೆಳಗೆ ನಿಷೇಧಿಸಿದ ಬಿಡ್ ರಿಗ್ಗಿಂಗ್. ಭಾರತೀಯ ಸ್ಪರ್ಧಾ ಆಯೋಗ ಗೆದ್ದವರಿಗೆ ಮಾತ್ರ ದಂಡ ಹಾಕುವುದಿಲ್ಲ, ಜೊತೆಗೆ ನಿಂತು ಜಾಸ್ತಿ ರೇಟು ಹಾಕಿದವರಿಗೂ ಹಾಕುತ್ತೆ. ನಿಮ್ಮನ್ನು ಕಪ್ಪುಪಟ್ಟಿಗೆ ಸೇರಿಸಲೂ ದಾರಿಯಾಗುತ್ತೆ. ಕಾಗದದ ಕಾಲದಲ್ಲಿ ಸಿಕ್ಕಿಬೀಳುವುದು ಕಷ್ಟವಿತ್ತು. ಈಗ ಮೂರು ಬಿಡ್ ಒಂದೇ ಕಂಪ್ಯೂಟರಿನಿಂದ ಅಪ್‌ಲೋಡ್ ಆದರೆ ಐಪಿ ವಿಳಾಸ ಉಳಿಯುತ್ತೆ. ಮೂವರ ಇಎಂಡಿ ಒಬ್ಬರ ಖಾತೆಯಿಂದ ಹೋದರೆ ಬ್ಯಾಂಕಿನಲ್ಲಿ ಉಳಿಯುತ್ತೆ. ಮೂರು ಬಿಡ್‌ಗಳಲ್ಲೂ ಒಂದೇ ಕಾಗುಣಿತ ತಪ್ಪು ಇರುವುದೂ ಒಂದು ಸುಳಿವೇ. 'ನಿಮ್ಮ ಡಿಜಿಟಲ್ ಸಿಗ್ನೇಚರ್ ಕೀ ಕೊಡಿ, ನಾವೇ ಹಾಕ್ಕೊಳ್ತೀವಿ' ಅಂತ ಕೇಳಿದರಂತೂ ಖಂಡಿತ ಕೊಡಬೇಡಿ. ಅದರಲ್ಲಿ ಏನು ಹಾಕಿದರೂ ಅದು ನಿಮ್ಮ ಸಹಿ.

'ಆಮೇಲಿನದು ನಿಮಗೆ' ಅನ್ನುವ ಮಾತನ್ನು ಉಳಿಸಿಕೊಂಡವರನ್ನು ನಾನು ಕಂಡಿದ್ದು ಬಹಳ ಕಡಿಮೆ. ನೀವು ಅವರ ಮೇಲೆ ದೂರು ಕೊಡಲು ಎಲ್ಲಿಗೆ ಹೋಗುತ್ತೀರಿ ಹೇಳಿ!

ಮುಂದಿನ ಟೆಂಡರಿಗೆ ನಿಮ್ಮದೇ ಬಿಡ್ ಹಾಕಿ. ಪೋರ್ಟಲಿನಲ್ಲಿ ದಾಖಲೆ ಬಂದ ದಿನವೇ ಷರತ್ತುಗಳನ್ನು ಓದಿ. 'ಇಂತಿಷ್ಟು ಕಿಲೋಮೀಟರ್ ಒಳಗೆ ಸ್ವಂತ ರೆಡಿಮಿಕ್ಸ್ ಪ್ಲಾಂಟ್ ಇರಬೇಕು' ಎನ್ನುವಂಥ, ಯಾರೋ ಒಬ್ಬರ ಅಳತೆಗೆ ಹೊಲಿದ ಷರತ್ತು ಕಂಡರೆ ಬಿಡ್ ಹಾಕುವ ಮೊದಲೇ ಲಿಖಿತ ಆಕ್ಷೇಪಣೆ ಕೊಡಿ. ಸುಮ್ನೆ ಬಿಡ್ ಹಾಕಿ ಸೋತ ಮೇಲೆ ಷರತ್ತೇ ಸರಿಯಿಲ್ಲ ಅಂದರೆ ಯಾರೂ ಕೇಳುವುದಿಲ್ಲ. ಗಡುವು ತೀರಾ ಕಡಿಮೆ ಇಟ್ಟಿದ್ದರೆ, ಅದಕ್ಕೆ ಮೇಲಿನ ಅಧಿಕಾರಿಯ ಲಿಖಿತ ಕಾರಣ ಇದೆಯಾ ಕೇಳಿ. ನಿಯಮ 17 ಅದನ್ನೇ ಹೇಳುತ್ತೆ. ದಿನಗಳ ಲೆಕ್ಕಕ್ಕೆ ಮಾತ್ರ ಈಗ ಚಾಲ್ತಿಯಲ್ಲಿರುವ ತಿದ್ದುಪಡಿಯನ್ನೇ ನೋಡಿ, ಹಳೇ ಪುಸ್ತಕ ನೋಡಬೇಡಿ.

ಮತ್ತೆ, ಆ ಚಾಲ್ತಿ ಕೆಲಸದ ಬಾಕಿ ಮೊತ್ತದ ಹಾಳೆಗೆ ಇಇ ಸಾಹೇಬರ ಸಹಿ ಈಗಲೇ ಹಾಕಿಸಿಕೊಳ್ಳಿ. ಟೆಂಡರಿನ ಕೊನೇ ದಿನ ಅವರು ಸೈಟ್ ವಿಸಿಟ್‌ನಲ್ಲಿರುತ್ತಾರೆ.